ಗೋಡೆಯೊಳಗಿನ ನೀರು

ನಾಸಿಕ್‌ನಲ್ಲಾಗಲಿ, ಛತ್ರಪತಿ ಸಂಭಾಜಿನಗರದಲ್ಲಾಗಲಿ, ಮನೆಗೆ ಬಣ್ಣ ಹೊಡೆಸುವ ಕಾಲ ಯಾವುದೆಂದು ಕೇಳಿದರೆ ಬರುವ ಉತ್ತರ ಒಂದೇ: ದಸರೆಗೂ ದೀಪಾವಳಿಗೂ ನಡುವೆ. ಮಳೆ ಹಿಂದೆ ಸರಿದಿರುತ್ತದೆ, ಬೋನಸ್ ಕೈಗೆ ಬಂದಿರುತ್ತದೆ, ನೆಂಟರು ಬರುವವರಿರುತ್ತಾರೆ. ಅಟ್ಟದ ಪಾತ್ರೆ ಅಂಗಳಕ್ಕಿಳಿಯುತ್ತದೆ, ಕಪಾಟು ನಡುಮನೆಗೆ ಬರುತ್ತದೆ, ಮಕ್ಕಳು ಹಾಸಿಗೆಯ ಗುಡ್ಡದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತವೆ, ಅಡುಗೆ ಹಿತ್ತಲಲ್ಲಿ ನಡೆಯುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಮನೆಗಳಲ್ಲೂ ಇದೇ ಗಡಿಬಿಡಿ, ಇದೇ ಸಂಭ್ರಮ. ಈ ಸಂಭ್ರಮವನ್ನು ನಾನು ಮನಸಾರೆ ಇಷ್ಟಪಡುತ್ತೇನೆ. ಆದರೆ ಗೋಡೆಯ ಮಟ್ಟಿಗೆ, ಮಳೆಗಾಲ ಬಿಟ್ಟರೆ, ವರ್ಷದಲ್ಲಿ ಇದಕ್ಕಿಂತ ಅನನುಕೂಲದ ಹೊತ್ತು ಇನ್ನೊಂದಿಲ್ಲ.

ಕಾರಣ ಸರಳವಾದದ್ದು. ನಾಲ್ಕು ತಿಂಗಳು ಮಳೆಯಲ್ಲಿ ನೆನೆದ ಗೋಡೆ ಮಳೆ ನಿಂತ ಮರುದಿನ ಒಣಗುವುದಿಲ್ಲ. ಮೇಲ್ಮೈ ಮಾತ್ರ ಒಣಗಿ ಕೈಗೆ ಬೆಚ್ಚಗೆ ತಾಗುತ್ತದೆ. ಒಳಗಿನ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಹೊರಗೆ ಬರಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಹಳೆಯ ಅಂದಾಜು. ಒಂಬತ್ತು ಅಂಗುಲದ ಗೋಡೆ ಎರಡೂ ಬದಿಯಿಂದ ಒಣಗುತ್ತದೆಂದು ಹಿಡಿದರೂ ನಾಲ್ಕೂವರೆ ತಿಂಗಳು ಬೇಕು. ದಸರೆಯಿಂದ ದೀಪಾವಳಿಗೆ ಇರುವುದು ಇಪ್ಪತ್ತು ದಿನ. ಹೀಗಾಗಿ ಹಬ್ಬದ ಬಣ್ಣ ಬಹಳ ಸಲ ಹಸಿ ಗೋಡೆಯ ಮೇಲೇ ಬೀಳುತ್ತದೆ. ಮುಂದೆ ಏನಾಗುತ್ತದೆಂಬುದನ್ನು ಆ ಗೋಡೆಯೊಳಗಿನ ನೀರು ನಿರ್ಧರಿಸುತ್ತದೆ. ಡಬ್ಬಿಯ ಬೆಲೆಗೆ ಅದರಲ್ಲಿ ಪಾಲು ಕಡಿಮೆ.

ನಾಸಿಕ್‌ನಲ್ಲಿರುವ ನನ್ನ ಅಕ್ಕನ ಮನೆಯ ನಡುಮನೆಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. “ಇಷ್ಟ ರೊಕ್ಕಾ ಸುರದು ಬಣ್ಣಾ ಹಚ್ಚಿಸೇವಿ, ಸಂಕ್ರಾಂತಿ ಬರೂದ್ರಾಗ ಗ್ವಾಡಿ ತುಂಬ ಗುಳ್ಳಿ ಎದ್ದಾವ ನೋಡಪಾ,” ಎಂದಳು. ಗುಳ್ಳೆಗಳು ನೆಲದಿಂದ ಸುಮಾರು ಮೂರಡಿ ಎತ್ತರದವರೆಗೆ ಮಾತ್ರ ಇದ್ದವು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ಹತ್ತಿಯಂಥ ಬಿಳಿ ಪುಡಿ. ನಾಲಗೆಗೆ ತಾಗಿಸಿ ನೋಡಬೇಕಿಲ್ಲ, ಅದು ಉಪ್ಪು. ಭಾವನಿಗೆ ಬಣ್ಣದ ಮೇಲೆ ಅನುಮಾನ, ಅಕ್ಕನಿಗೆ ಬಣ್ಣದವನ ಮೇಲೆ ಅನುಮಾನ. ಮೂರಡಿಯ ಆ ಅಂಚೇ ನಿಜವಾದ ಸುಳಿವು ಕೊಡುತ್ತಿತ್ತು.

ಇಂಥ ಹೊತ್ತಿನಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಒಂದಡಿ ಉದ್ದ, ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ನಾಲ್ಕು ಜನರ ಮನೆಯಲ್ಲಿ ಉಸಿರು, ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಹಲವು ಲೀಟರ್ ನೀರು ಗಾಳಿಗೆ ಸೇರುತ್ತದೆ, ಆದ್ದರಿಂದ ಎರಡನೆಯದೂ ಅಪರೂಪವಲ್ಲ. ಅದಕ್ಕೆ ಪರಿಹಾರ ಕಿಟಕಿ ತೆರೆಯುವುದು. ಮೊದಲನೆಯದಕ್ಕೆ ಕಿಟಕಿ ಸಾಲದು. ಅಕ್ಕನ ಮನೆಯಲ್ಲಿ ಹಾಳೆಯ ಒಳಮೈ ಮಂಜಾಗಿತ್ತು.

ದೀಪದ ಬತ್ತಿ ಎಣ್ಣೆಯನ್ನು ಹೇಗೆ ಮೇಲಕ್ಕೆಳೆಯುತ್ತದೋ ಹಾಗೆ ಇಟ್ಟಿಗೆ ಗೋಡೆ ನೆಲದ ನೀರನ್ನು ಎಳೆಯುತ್ತದೆ. ನೀರಿನ ಮೇಲ್ಮೈ ಎಳೆತ ಮತ್ತು ರಂಧ್ರದ ಅಗಲ ಎರಡನ್ನು ಹಿಡಿದು ಲೆಕ್ಕ ಹಾಕಿದರೆ, ಒಂದು ಮೈಕ್ರಾನ್ ತ್ರಿಜ್ಯದ ರಂಧ್ರದಲ್ಲಿ ನೀರು ಸುಮಾರು 15 ಮೀಟರ್ ಏರಬಲ್ಲದು. ಅಂದರೆ ನಾಲ್ಕೈದು ಅಂತಸ್ತು! ನಿಜದ ಗೋಡೆಯಲ್ಲಿ ಅಷ್ಟು ಏರುವುದಿಲ್ಲ, ಏಕೆಂದರೆ ಏರುವಾಗಲೇ ಅದು ಗೋಡೆಯ ಮೈಯಿಂದ ಆವಿಯಾಗುತ್ತಿರುತ್ತದೆ. ಏರುವಷ್ಟು ನೀರೂ ಆರುವಷ್ಟು ನೀರೂ ಸಮವಾಗುವ ಎತ್ತರ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು. ಅಕ್ಕನ ಗೋಡೆಯ ಮೂರಡಿ ಅಂಚು ಅದೇ.

ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸುಟ್ಟ ಇಟ್ಟಿಗೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿದರೆ ಅದು ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು. ಅಷ್ಟು ಹೀರುವುದಕ್ಕೆ ಅವಕಾಶವಿದೆ ಎಂದೂ ಇದರ ಅರ್ಥ. ನಾಸಿಕ್‌ನ ಗೋದಾವರಿ ದಂಡೆಯ ಹಳೆಯ ವಾಡೆಗಳನ್ನು ನೋಡಿದವರಿಗೆ ಅವುಗಳ ಬುಡ ನೆನಪಿರುತ್ತದೆ: ಕಡಿದು ಕೂರಿಸಿದ ಕರಿಗಲ್ಲಿನ ಎತ್ತರದ ಪ್ಲಿಂತ್, ಅದರ ಮೇಲೆ ಸಾಗವಾನಿ ಕಂಬ ಮತ್ತು ಇಟ್ಟಿಗೆ. ಆ ಕರಿಗಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಪದರ ಪದರವಾಗಿ ಹರಿದ ಲಾವಾ ಆರಿ ಆದ ಕಲ್ಲು. ಪಶ್ಚಿಮ ಘಟ್ಟದ ಬಳಿ ಅದರ ಒಟ್ಟು ದಪ್ಪ ಎರಡು ಕಿಲೋಮೀಟರಿನಷ್ಟಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಕೆಳಗೂ ಇದೇ ಕಲ್ಲಿನ ತೆಳು ಅಂಚು ಹರಡಿದೆ. ಗಟ್ಟಿ ಬಸಾಲ್ಟಿನ ರಂಧ್ರಗಳು ಬಹಳ ಕಡಿಮೆ. ನೆಲದ ನೀರಿಗೆ ಅಲ್ಲಿಂದ ಮೇಲೆ ದಾರಿಯಿಲ್ಲ. ಇಂದು ಡಾಂಬರು ಇಲ್ಲವೇ ಜಲನಿರೋಧಕ ಕಾಂಕ್ರೀಟಿನ, ತೇವ ತಡೆಯುವ ಡಿಪಿಸಿ ಪಟ್ಟಿ ಮಾಡುವ ಕೆಲಸವನ್ನು ವಾಡೆಯ ಬುಡದ ಕಲ್ಲು ಮಾಡುತ್ತಿತ್ತು. ಹೊಸ ಮನೆಗಳಲ್ಲಿ ಆ ಪಟ್ಟಿಯನ್ನು ಬಿಟ್ಟುಬಿಟ್ಟರೆ, ಅಥವಾ ಆಮೇಲೆ ಅಂಗಳಕ್ಕೆ ಟೈಲ್ಸ್ ಹಾಸುವಾಗ ನೆಲದ ಮಟ್ಟ ಏರಿಸಿ ಆ ಪಟ್ಟಿ ಹೂತುಹೋದರೆ, ಗೋಡೆ ಮತ್ತೆ ನೀರು ಕುಡಿಯಲು ತೊಡಗುತ್ತದೆ.

ನೀರು ಒಂಟಿಯಾಗಿ ಬರುವುದಿಲ್ಲ, ಮಣ್ಣಿನ, ಇಟ್ಟಿಗೆಯ, ಸಿಮೆಂಟಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಮೈಯಲ್ಲಿ ನೀರು ಆರಿಹೋದಾಗ ಲವಣ ಹರಳಾಗಿ ಉಳಿಯುತ್ತದೆ. ಅವುಗಳಲ್ಲಿ ಸೋಡಿಯಂ ಸಲ್ಫೇಟಿನ ನಡತೆ ವಿಶೇಷ. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಲ್ಲಿ ಅದು ನೀರಿಲ್ಲದ ಹರಳಾಗಿ ಕಟ್ಟುತ್ತದೆ. ಅದಕ್ಕಿಂತ ತಣ್ಣಗಾಗಿ ತೇವವೂ ಸಿಕ್ಕರೆ ಪ್ರತಿ ಅಣು ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಮೂರು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಸಂಭಾಜಿನಗರದ ಅಕ್ಟೋಬರ್ ತಿಂಗಳನ್ನು ನೆನೆಯಿರಿ: ಮಧ್ಯಾಹ್ನದ ಬಿಸಿಲು ಆ ಗೆರೆಯ ಆಸುಪಾಸು, ರಾತ್ರಿ ಹತ್ತು ಹನ್ನೆರಡು ಡಿಗ್ರಿ ಕೆಳಗೆ, ಗೋಡೆಯಲ್ಲಿ ಇನ್ನೂ ಮಳೆಯ ತೇವ. ಹರಳು ದಿನವೂ ಕುಗ್ಗಿ ಹಿಗ್ಗಿ, ಬಣ್ಣವನ್ನು ಮಾತ್ರವಲ್ಲ, ಇಟ್ಟಿಗೆಯ ಮೈಯನ್ನೂ ಸಿಪ್ಪೆ ಸುಲಿದಂತೆ ಕೀಳುತ್ತದೆ.

ಈಗ ಬಣ್ಣಕ್ಕೆ ಬರೋಣ. ಎಮಲ್ಷನ್ ಎಂದು ಕರೆಯುವ ಇಂದಿನ ಬಣ್ಣದಲ್ಲಿ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಹತ್ತಿರ ಬಂದು, ಒಂದಕ್ಕೊಂದು ಒತ್ತಿ, ಬೆಸೆದು ಒಂದು ಪೊರೆಯಾಗುತ್ತವೆ. ಆ ಪೊರೆ ಆವಿಯನ್ನು ಒಂದಿಷ್ಟು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಕೆಳಗೆ ಪುಟ್ಟಿ, ಪ್ರೈಮರ್, ಮೇಲೆ ಎರಡು ಕೋಟ್ ಎಂದು ದಪ್ಪವಾದಷ್ಟೂ, ಹೊಳಪು ಹೆಚ್ಚಿದಷ್ಟೂ ಬಿಡುವುದು ಕಡಿಮೆ. ಆಯಿಲ್ ಪೇಂಟ್ ಇನ್ನೂ ಬಿಗಿ. ಒಣಗಿದ ಗೋಡೆಗೆ ಇದು ಒಳ್ಳೆಯ ಗುಣ, ಒರೆಸಿ ತೊಳೆಯಬಹುದು, ಮಕ್ಕಳ ಕೈಗುರುತು ಹೋಗುತ್ತದೆ. ಹಸಿ ಗೋಡೆಗೆ ಇದೇ ಕೇಡು. ಲವಣ ಪೊರೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ.

ಗೋಡೆಯ ಮೇಲೆ ಬಿಗಿ ಪೊರೆ ಹಚ್ಚಿದರೆ ಏನಾಗುತ್ತದೆಂಬ ಪಾಠದ ಅತ್ಯಂತ ದುಬಾರಿ ಉದಾಹರಣೆ ಸಂಭಾಜಿನಗರದಿಂದ ನೂರು ಕಿಲೋಮೀಟರ್ ದೂರದಲ್ಲಿದೆ. ಅಜಂತೆಯ ಚಿತ್ರಗಳು ಕಲ್ಲಿನ ಮೇಲೆ ನೇರವಾಗಿ ಬರೆದವಲ್ಲ. ಉಳಿಯಿಂದ ಒರಟಾಗಿ ಬಿಟ್ಟ ಬಸಾಲ್ಟಿನ ಗೋಡೆಗೆ ಮೊದಲು ಸ್ಥಳೀಯ ಮಣ್ಣಿಗೆ ನಾರು, ಭತ್ತದ ಹೊಟ್ಟು ಕಲಸಿ ಮೆತ್ತಿದ್ದಾರೆ. ಅದರ ಮೇಲೆ ನಯವಾದ ಮಣ್ಣಿನ ಎರಡನೆಯ ಲೇಪ. ಅದರ ಮೇಲೆ ತೆಳುವಾದ ಬಿಳಿ ಸಾರಣೆ. ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ನಮ್ಮ ಹಳ್ಳಿಯ ಮನೆಗಳಲ್ಲಿ ಹೆಂಗಸರು ಮಣ್ಣಿಗೆ ಹೊಟ್ಟು ಕಲಸಿ ಗೋಡೆ ಸಾರಿಸಿ, ಮೇಲೆ ಸುಣ್ಣ ಬಳಿಯುತ್ತಿದ್ದ ಕ್ರಮಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಹೊಟ್ಟು, ನಾರುಗಳ ಕೆಲಸ ಮಣ್ಣು ಒಣಗಿ ಕುಗ್ಗುವಾಗ ದೊಡ್ಡ ಬಿರುಕು ಬಿಡದಂತೆ ಹಿಡಿಯುವುದು. ಬಣ್ಣಗಳಲ್ಲಿ ಹೆಚ್ಚಿನವು ಅಕ್ಕಪಕ್ಕದ ನೆಲದವೇ: ಹುರಮಂಜಿ, ಹಳದಿ ಮಣ್ಣು, ದೀಪದ ಮಸಿ, ಮತ್ತು ಬಸಾಲ್ಟಿನ ಗುಳಿಗಳ ಒಳಗೋಡೆಗೆ ಅಂಟಿಕೊಂಡು ಬೆಳೆಯುವ ಹಸಿರು ಖನಿಜ. ಲಾವಾ ಆರುವಾಗ ಅನಿಲದ ಗುಳ್ಳೆಗಳು ಉಳಿಸಿದ ಆ ಗುಳಿಗಳಲ್ಲಿ ಮುಂದೆ ಏನೇನು ಹರಳು ಬೆಳೆದವೆಂದು ನೋಡಬೇಕಾದರೆ ನಾಸಿಕ್ ಬಳಿಯ ಸಿನ್ನರ್‌ನಲ್ಲಿರುವ ಗಾರ್ಗೋಟಿ ಖನಿಜ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

1819ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಸ್ಮಿತ್ ಅಜಂತೆಯ ಗುಹೆಗಳನ್ನು ಹೊರಲೋಕಕ್ಕೆ ತೋರಿಸಿದ ಮೇಲೆ ಚಿತ್ರಗಳನ್ನು ನಕಲು ಮಾಡಲು ಬಂದವರು ಬಣ್ಣ ಎದ್ದು ಕಾಣಲೆಂದು ವಾರ್ನಿಷ್ ಹಚ್ಚಿದರು. 1920ರಿಂದ 1922ರ ನಡುವೆ ಹೈದರಾಬಾದಿನ ನಿಜಾಮರ ಸರ್ಕಾರ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಎಂಬ ತಜ್ಞರನ್ನು ಅವರ ಸಹಾಯಕರೊಂದಿಗೆ ಕರೆಸಿತು. ಉದುರುತ್ತಿದ್ದ ಲೇಪವನ್ನು ಅವರು ಕಲ್ಲಿಗೆ ಮತ್ತೆ ಅಂಟಿಸಿದರು. ಅದರಿಂದ ಉಳಿದ ಚಿತ್ರಗಳಿವೆ, ಆ ಉಪಕಾರವನ್ನು ಮರೆಯಬಾರದು. ಆದರೆ ಮೈಗೆ ಬಳಸಿದ್ದು ಅರಗಿನ ವಾರ್ನಿಷ್, ಅಂದರೆ ಶೆಲ್ಲಾಕ್. ವರ್ಷಗಳು ಕಳೆದಂತೆ ಅದು ಹಳದಿಗಟ್ಟಿತು, ಕಪ್ಪಾಯಿತು, ಬಿರುಸಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಕೆಳಗಿನ ಮಣ್ಣಿನ ಲೇಪ ಋತುವಿಗೆ ತಕ್ಕಂತೆ ತೇವ ಹೀರಿ ಬಿಟ್ಟು ಹಿಗ್ಗಿ ಕುಗ್ಗುತ್ತದೆ. ಮೇಲಿನ ಬಿಗಿ ಪೊರೆ ಹಾಗೆ ಹೊಂದಿಕೊಳ್ಳಲಾರದು. ಪೊರೆ ಎದ್ದಾಗ ಬಣ್ಣವೂ ಅದರೊಂದಿಗೆ ಏಳುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನತಜ್ಞರು ಆ ಹಳೆಯ ವಾರ್ನಿಷನ್ನು ಬೆರಳಗಲ ಬೆರಳಗಲವಾಗಿ ಕರಗಿಸಿ ತೆಗೆಯುವ ಕೆಲಸದಲ್ಲಿ ದಶಕಗಳನ್ನೇ ಕಳೆದಿದ್ದಾರೆ. ನಡುಮನೆಯ ಸಾಧಾರಣ ಗೋಡೆಗೂ ಗುಪ್ತ-ವಾಕಾಟಕ ಕಾಲದ ಆ ಗೋಡೆಗೂ ಭೌತಶಾಸ್ತ್ರ ಬೇರೆ ಬೇರೆಯಾಗಿಲ್ಲ.

ಸಂಭಾಜಿನಗರದ ಇನ್ನೊಂದು ದಿಕ್ಕಿಗೆ, ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಎಲ್ಲೋರ. ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಕೈಲಾಸನಾಥ ದೇವಾಲಯವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಎಂಟನೆಯ ಶತಮಾನದಲ್ಲಿ. ಅದೇ ವಂಶದ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ನಾಸಿಕ್ ನಗರದ ನಡುವೆ ಹರಿಯುವ ಈ ಗೋದಾವರಿಯನ್ನೇ. ಇಂದು ನಮಗೆ ಕಾಣುವ ಕೈಲಾಸ ಬರಿಯ ಕರಿಗಲ್ಲು. ಆದರೆ ಅದನ್ನು ಕಡೆದವರು ಹಾಗೆ ಬಿಟ್ಟಿರಲಿಲ್ಲ, ಮೇಲೆ ಗಾರೆ ಮಾಡಿ ಬಣ್ಣ ಹಾಕಿದ್ದರು. ಮಂಟಪದ ಒಳಮಾಳಿಗೆಯಲ್ಲಿ ಆ ಚಿತ್ರಗಳ ತುಣುಕುಗಳು ಈಗಲೂ ಇವೆ.

2016ರಲ್ಲಿ ಎಲ್ಲೋರದ ಲೇಪದ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಪುರಾತತ್ವ ಇಲಾಖೆಯಲ್ಲಿದ್ದ ರಾಜದೇವ್ ಸಿಂಗ್ ಮತ್ತು ಸಂಭಾಜಿನಗರದ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಿಂದ್ ಸರದೇಸಾಯಿ 12ನೆಯ ಗುಹೆಯ ಮಣ್ಣಿನ ಲೇಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವಗೆಂಪು ರೋಹಿತದಲ್ಲಿ ಪರೀಕ್ಷಿಸಿ, ಅದರಲ್ಲಿ ಗಾಂಜಾ ಗಿಡದ ಚೂರುಗಳನ್ನು ಗುರುತಿಸಿದರು. ದೌಲತಾಬಾದ್ ಅಂದರೆ ದೇವಗಿರಿಯ ಯಾದವರ ಕಾಲದ ಕಟ್ಟಡದಲ್ಲೂ ಅದು ಸಿಕ್ಕಿತು. ಅಜಂತೆಯ ಲೇಪದಲ್ಲಿ ಅದಿಲ್ಲ. ಅಲ್ಲಿ ಹುಳುಗಳು ಚಿತ್ರಗಳ ಕಾಲುಭಾಗದಷ್ಟನ್ನು ಕೆಡಿಸಿವೆ, ಎಲ್ಲೋರದಲ್ಲಿ ಹುಳುಬಾಧೆ ಕಡಿಮೆ, ಅದಕ್ಕೆ ಈ ನಾರೇ ಕಾರಣ ಎಂಬುದು ಅವರ ವಾದ. ಇದನ್ನು ಅರ್ಧ ಒಪ್ಪಬಹುದು ಎಂಬುದು ನನ್ನ ಅಭಿಪ್ರಾಯ. ಅಜಂತೆ ಹೊಳೆಯ ತಿರುವಿನ ಇಕ್ಕಟ್ಟಿನ ಕಣಿವೆಯಲ್ಲಿದೆ, ಎಲ್ಲೋರ ತೆರೆದ ಇಳಿಜಾರಿನಲ್ಲಿದೆ. ಗಾಳಿ ಬೆಳಕುಗಳ ಈ ಅಂತರ ಹುಳುವಿಗೂ ತೇವಕ್ಕೂ ದೊಡ್ಡದೇ. ಆದರೆ ನಾರು ತೇವವನ್ನು ಹೀರಿ ಬಿಡುವ ಕೆಲಸ ಮಾಡುತ್ತದೆಂಬುದರಲ್ಲಿ ಅನುಮಾನವಿಲ್ಲ. ಅದೇ ಗಿಡದ ಕಾಂಡದ ಚೂರನ್ನು ಸುಣ್ಣದಲ್ಲಿ ಕಲಸಿ ಗೋಡೆ ತುಂಬುವ ಪದ್ಧತಿ ಇಂದು ಯುರೋಪಿನಲ್ಲಿ ಬಳಕೆಯಲ್ಲಿದೆ.

ಸುಣ್ಣದ ಕಥೆಗೆ ಸಂಭಾಜಿನಗರದೊಳಗೇ ಒಂದು ಸ್ಮಾರಕವಿದೆ. ಔರಂಗಜೇಬನ ಪತ್ನಿ ದಿಲ್ರಾಸ್ ಬಾನು ಬೇಗಂ ನೆನಪಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಬೀಬಿ ಕಾ ಮಕ್ಬರಾ ದೂರದಿಂದ ಪೂರ್ತಿ ಅಮೃತಶಿಲೆಯಂತೆ ಕಾಣುತ್ತದೆ. ಅಮೃತಶಿಲೆ ಇರುವುದು ಗೋಡೆಯ ಕೆಳಭಾಗದಲ್ಲಿ ಮತ್ತು ಗುಮ್ಮಟದಲ್ಲಿ. ನಡುವಿನದ್ದೆಲ್ಲ ಬಸಾಲ್ಟ್ ಕಲ್ಲು, ಅದರ ಮೇಲೆ ನುಣುಪಾಗಿ ಉಜ್ಜಿದ ಸುಣ್ಣದ ಗಾರೆ. ಖರ್ಚು 6,68,203 ರೂಪಾಯಿ 7 ಆಣೆ ಎಂದು ಗುಲಾಂ ಮುಸ್ತಫಾ ಬರೆದ ತವಾರೀಖ್ ನಾಮಾದಲ್ಲಿದೆ. ಇದನ್ನು ತಾಜ್‌ಮಹಲಿನ ಬಡ ನಕಲು ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕರಿಗಲ್ಲಿನ ನಾಡಿನಲ್ಲಿ ಬಿಳುಪನ್ನು ಗಾರೆಯಿಂದ ಪಡೆದ ಆ ಕೆಲಸಗಾರರು ರಸಾಯನ ವಿದ್ಯೆಯನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದವರು.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಇದಕ್ಕೆ ಸ್ವಲ್ಪ ತೇವ ಬೇಕು, ಅದಕ್ಕೇ ಗಾರೆಗೆ ನೀರು ಚಿಮುಕಿಸುತ್ತ ಇರಬೇಕು. ರಂಧ್ರಗಳೆಲ್ಲ ನೀರಿನಿಂದ ತುಂಬಿದ್ದರೆ ಗಾಳಿ ಒಳಗೆ ಹೋಗದು, ಕೆಲಸ ನಿಲ್ಲುತ್ತದೆ. ಮೇಲಿನಿಂದ ಒಳಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ, ತಿಂಗಳುಗಟ್ಟಲೆ ಇದು ಸಾಗುತ್ತದೆ. ಆದ ಕಲ್ಲಿನಲ್ಲಿ ರಂಧ್ರಗಳು ತೆರೆದೇ ಇರುವುದರಿಂದ ಗೋಡೆಯ ಆವಿಗೆ ತಡೆಯಿಲ್ಲ. ಅರಳಿದ ಸುಣ್ಣದ ತಿಳಿಯ ಪಿಎಚ್ 12.4ರ ಸುಮಾರು, ಆ ಕ್ಷಾರದಲ್ಲಿ ಬೂಷ್ಟು ಬೆಳೆಯದು. ಅದೇ ಕ್ಷಾರ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರಬಾರದು, ಬಳಿಯುವಾಗ ದೊಡ್ಡವರು ಕನ್ನಡಕ ಹಾಕಿಕೊಳ್ಳಬೇಕು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಸುಣ್ಣ ಬಳಿದ ಮೊದಲ ದಿನದ ನಿರಾಸೆ ಬಹಳ ಜನರಿಗೆ ಗೊತ್ತು. ಬಳಿದಾಗ ಗೋಡೆ ಬೂದು ಬೂದಾಗಿ, ಹಳೆಯ ಕಲೆಗಳೆಲ್ಲ ಕಾಣುತ್ತ, ಏನೂ ಆಗಿಲ್ಲವೆಂಬಂತೆ ಇರುತ್ತದೆ. ಮಾರನೆಯ ಬೆಳಿಗ್ಗೆ ಅದೇ ಗೋಡೆ ಬೆಳ್ಳಗೆ ಬೆಳಗುತ್ತದೆ. ಸುಣ್ಣದ ಕಣಗಳಿಗೆ ತಮ್ಮದೇ ಬಣ್ಣವಿಲ್ಲ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ವಕ್ರೀಭವನ ಸೂಚ್ಯಂಕಗಳ ನಡುವೆ ಅಂತರ ಎಷ್ಟು ಹೆಚ್ಚೋ ಅಷ್ಟು ಚದುರುತ್ತದೆ. ಸುಣ್ಣದ್ದು ಸುಮಾರು 1.6, ನೀರಿನದ್ದು 1.33, ಗಾಳಿಯದ್ದು 1. ಕಣಗಳ ನಡುವೆ ನೀರಿರುವವರೆಗೆ ಅಂತರ ಸಣ್ಣದು, ಬೆಳಕು ಹಿಂದಿನ ಕಲೆಯವರೆಗೂ ಹೋಗಿಬರುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದ ಕೂಡಲೇ ಬೆಳಕು ಎಲ್ಲ ಕಡೆಗೂ ಚದುರಿ, ಎಲ್ಲ ಬಣ್ಣಗಳೂ ಕೂಡಿ ಕಣ್ಣಿಗೆ ಬಿಳುಪಾಗುತ್ತದೆ. ಅಂಗಡಿಯ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಸೂಚ್ಯಂಕ 2.7ರ ಆಸುಪಾಸು, ಆದ್ದರಿಂದ ಅದು ಹಸಿಯಿರುವಾಗಲೂ ಕಲೆ ಮುಚ್ಚುತ್ತದೆ.

ಸುಣ್ಣದ ಬಕೆಟ್ಟಿಗೆ ಚಿಟಿಕೆ ನೀಲಿ ಪುಡಿ ಹಾಕುವುದು ಇನ್ನೊಂದು ಮನೆವಿದ್ಯೆ. ಬಿಳುಪಿನಲ್ಲಿ ಉಳಿದ ಹಳದಿ ಛಾಯೆಯನ್ನು ನೀಲಿ ಸರಿದೂಗಿಸುತ್ತದೆ. ಆ ಪುಡಿ ಅಲ್ಟ್ರಾಮರೀನ್. ಅಜಂತೆಯ ಕಲಾವಿದರು ಬಳಸಿದ ನೀಲಿ ಅಫ್ಘಾನಿಸ್ತಾನದ ಬದಕ್‌ಷಾನಿನ ಗಣಿಗಳಿಂದ ಬಂದ ಲಾಜವರ್ದ ಕಲ್ಲಿನದು. ಯುರೋಪಿನಲ್ಲಿ ಅದು ಚಿನ್ನದ ಬೆಲೆ ಬಾಳುತ್ತಿತ್ತು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಿಮೆ ಮತ್ತು ಜರ್ಮನಿಯ ಗ್ಮೆಲಿನ್ ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲುಗಳನ್ನು ಕಾಯಿಸಿ ಅದೇ ರಾಸಾಯನಿಕ ರಚನೆಯ ನೀಲಿಯನ್ನು ಬೇರೆ ಬೇರೆಯಾಗಿ ತಯಾರಿಸಿದರು. ಬರುಬರುತ್ತ ಅದು ಬಟ್ಟೆ ಒಗೆಯುವ ನೀಲಿಯಾಗಿ ಎಲ್ಲರ ಮನೆ ಸೇರಿತು. ಈ ನೀಲಿ ಆಮ್ಲದಲ್ಲಿ ಕೆಡುತ್ತದೆ, ಕ್ಷಾರದಲ್ಲಿ ಕೆಡುವುದಿಲ್ಲ. ಸುಣ್ಣದೊಂದಿಗೆ ಬಾಳುವುದು ಅದರಿಂದಲೇ.

ಅಕ್ಕನ ಮನೆಯ ಗೋಡೆಯ ಕೆಳಭಾಗದ ಸಿಮೆಂಟ್ ಗಿಲಾವನ್ನು ನಾಲ್ಕಡಿಯವರೆಗೆ ಕೆತ್ತಿಸಿ, ಹೊರಗಡೆ ಗೋಡೆಯ ಬುಡದ ಮಣ್ಣನ್ನು ತಗ್ಗಿಸಿ ನೀರು ದೂರ ಹರಿಯುವಂತೆ ಮಾಡಿ, ಬೇಸಿಗೆಯೆಲ್ಲ ಇಟ್ಟಿಗೆಯನ್ನು ಬರಿಮೈಯಲ್ಲಿ ಬಿಟ್ಟರು. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದರು, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬರುವ ನೆಂಟರಿಗೆ ಆ ಗೋಡೆ ತೋರಿಸಲು ಅಕ್ಕನಿಗೆ ಮುಜುಗರವಾಗುತ್ತಿತ್ತು. ಆಮೇಲೆ ಸುಣ್ಣದ ಗಾರೆ, ಸುಣ್ಣದ ಬಿಳುಪು. ಒರಗಿ ಕೂತರೆ ಬೆನ್ನಿಗೆ ಸುಣ್ಣ ಹತ್ತುತ್ತದೆಂದು ಭಾವ ದೂರುತ್ತಿದ್ದ. ಅದಕ್ಕೆ ಸ್ವಲ್ಪ ಅಂಟು ಕಲಸಿದ ಕೊನೆಯ ಕೋಟ್ ಬೇಕಾಯಿತು.

ಒಂದು ಗೋಡೆಯನ್ನು ವಾರ್ಲಿ ಚಿತ್ರ ಬರೆಯಲೆಂದು ಮಕ್ಕಳಿಗೆ ಬಿಟ್ಟುಕೊಟ್ಟರು. ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ್, ತ್ರ್ಯಂಬಕ ಕಡೆಯ ಹಳ್ಳಿಗಳು ವಾರ್ಲಿ ಜನರ ನೆಲೆ. ಮದುವೆಯ ಹೊತ್ತಿನಲ್ಲಿ ಸೆಗಣಿ, ಕೆಂಪುಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚೌಕ ಬರೆಯುವುದು ಅಲ್ಲಿಯ ಮುತ್ತೈದೆಯರ ಕೆಲಸ. ತುದಿ ಜಗಿದು ನಾರು ಮಾಡಿದ ಬಿದಿರು ಕಡ್ಡಿಯೇ ಕುಂಚ. ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ ಈ ಕಲೆಯನ್ನು ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ತಂದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಕ್ಕಿಯ ಪಿಷ್ಟದ ಹರಳು ನಮ್ಮ ಅಡುಗೆಮನೆಯ ಪಿಷ್ಟಗಳಲ್ಲಿ ಅತಿ ಸಣ್ಣವುಗಳಲ್ಲೊಂದು, ಕೆಲವೇ ಮೈಕ್ರಾನ್. ಸಣ್ಣದಾದಷ್ಟೂ ಗೆರೆ ನಯ, ಬೆಳಕಿನ ಚದುರುವಿಕೆ ಹೆಚ್ಚು. ಇಲ್ಲೂ ಸುಣ್ಣದ ಆಟವೇ: ಎಳೆದಾಗ ಕಾಣದ ಗೆರೆ ಆರಿದ ಮೇಲೆ ಬೆಳ್ಳಗೆ ಮೂಡುತ್ತದೆ. ಮಕ್ಕಳು ಕಾದು ನೋಡಲು ಕಲಿಯಬೇಕು. ಗೆರೆ ಕಾಣಲಿಲ್ಲವೆಂದು ಮತ್ತೆ ಮತ್ತೆ ತಿದ್ದಿದರೆ ದಪ್ಪವಾಗಿ ಕೂರುತ್ತದೆ. ಹಸಿ ಹಿಟ್ಟು ತಾನಾಗಿ ಗೋಡೆಗೆ ಅಂಟುವುದಿಲ್ಲ, ಒರೆಸಿದರೆ ಬರುತ್ತದೆ. ಕಾಯಿಸಿದಾಗ ಪಿಷ್ಟದ ಹರಳು ನೀರು ಹೀರಿ ಉಬ್ಬಿ ಒಡೆದು ಗಂಜಿಯಾಗಿ ಅಂಟು ಬರುತ್ತದೆ, ಆದರೆ ಹರಳು ಒಡೆದ ಮೇಲೆ ಬಿಳುಪು ಉಳಿಯದು. ಆದ್ದರಿಂದ ಹಸಿ ಹಿಟ್ಟಿಗೆ ಗೋಂದು ಕಲಸುವುದು ಸರಿಯಾದ ದಾರಿ.

ಮಕ್ಕಳಿರುವ ಮನೆಯಲ್ಲಿ ಮರೆಯಬಾರದ ಇನ್ನೊಂದು ವಿಷಯ ಸೀಸ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು, 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಕಿಟಕಿ, ಬಾಗಿಲು, ತೊಟ್ಟಿಲುಗಳ ಎನಾಮೆಲ್‌ನಲ್ಲಿ, ಅದರಲ್ಲೂ ಹೊಳೆಯುವ ಹಳದಿ, ಕೆಂಪು, ಹಸಿರುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಣಗಿರುವಾಗಲೇ ಉಜ್ಜಿದರೆ ಏಳುವ ಧೂಳು ನೆಲದಲ್ಲಿ ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಅದರಿಂದಾದ ಹಾನಿ ಮರಳಿ ಸರಿಹೋಗದು. ನೀರು ಹಚ್ಚಿಕೊಂಡು ಉಜ್ಜಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮುಗಿಯುವವರೆಗೆ ಮಕ್ಕಳು, ಬಸುರಿಯರು ಬೇರೆ ಕಡೆ ಇರಬೇಕು.

ಕೊನೆಗೆ ಬಿರುಕಿನ ವಿಷಯ. ಬಸಾಲ್ಟ್ ಕಲ್ಲು ಕೊಳೆತು ಆದ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಹತ್ತಿಯ ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಾಯಿಬಿಡುವ ಬಿರುಕು ಮನೆಯ ಕೆಳಗೂ ಬಿಡುತ್ತದೆ. ತಳಪಾಯ ಎರೆಯನ್ನು ದಾಟಿ ಮೊರಂ (ಗರಸು) ಪದರಕ್ಕೆ ಮುಟ್ಟದಿದ್ದರೆ ಮನೆ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ, ಒಂದು ಮೂಲೆ ಹೆಚ್ಚು, ಒಂದು ಮೂಲೆ ಕಡಿಮೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಇದರ ಗುರುತು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿತು. ಕಟ್ಟಿ ಮುಗಿದ ಮನೆಗೆ ಅದು ತಡವಾದ ಮಾತು.

ಬಿರುಕಿಗೆ ಪುಟ್ಟಿ ತುಂಬುವ ಮೊದಲು ಅದು ಇನ್ನೂ ಚಲಿಸುತ್ತಿದೆಯೇ ಎಂದು ತಿಳಿಯಬೇಕು. ಅದರ ಎರಡೂ ಬದಿಗೆ ಪೆನ್ಸಿಲಿನಿಂದ ಒಂದೊಂದು ಗೀಟು ಹಾಕಿ, ನಡುವಿನ ದೂರ ಅಳೆದು, ಪಕ್ಕದಲ್ಲೇ ತಾರೀಖು ಬರೆಯಿರಿ. ಮೇ ಕೊನೆಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ, ಮತ್ತೆ ಮುಂದಿನ ಮೇನಲ್ಲೊಮ್ಮೆ ಅಳೆಯಿರಿ. ದೂರ ಬದಲಾಗದಿದ್ದರೆ ಅದು ಗಿಲಾವು ಒಣಗುವಾಗ ಬಿಟ್ಟ ಹಳೆಯ ಬಿರುಕು, ಧೈರ್ಯವಾಗಿ ತುಂಬಿ ಬಣ್ಣ ಹೊಡೆಯಬಹುದು. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ಮೊದಲಿನಷ್ಟೇ ತೆರೆದರೆ ಮಣ್ಣಿನ ತೇವದ ಏರಿಳಿತ ತಗ್ಗಿಸಬೇಕು: ಮನೆಯ ಸುತ್ತ ಇಳಿಜಾರಾದ ಕಾಂಕ್ರೀಟ್ ಪಟ್ಟಿ, ಮಾಳಿಗೆಯ ನೀರಿಗೆ ದೂರದ ದಾರಿ, ಗೋಡೆಗೆ ಹತ್ತಿ ನೆಟ್ಟ ದೊಡ್ಡ ಮರಗಳಿದ್ದರೆ ಅವುಗಳ ಬೇರಿನ ಕಡೆ ಗಮನ, ಬಿರುಕಿನೊಳಗೆ ಹಿಗ್ಗಿ ಕುಗ್ಗುವ ಸೀಲಂಟ್. ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗುತ್ತ ಹೋಗಿದ್ದರೆ ಬಣ್ಣದ ಕೆಲಸ ಅಲ್ಲಿಗೆ ನಿಲ್ಲಿಸಿ, ತಳಪಾಯ ಬಲ್ಲ ಎಂಜಿನಿಯರರಿಗೆ ಆ ಅಳತೆಗಳನ್ನು ತೋರಿಸಿ.